ಪಕ್ಕದಲ್ಲಿ ಹಾರಿದವನು

ಸರಕಾರದ ಹಣ ಮುಟ್ಟದೆ, ಮರುಭೂಮಿಯ ನಮ್ಮ ಮೊಹಾವಿ ಊರಿನ ಶೆಡ್ಡಿನಲ್ಲಿ ಕಟ್ಟಿದ ನೌಕೆಯೊಂದು ಮನುಷ್ಯನನ್ನು ಅಂತರಿಕ್ಷಕ್ಕೆ ಒಯ್ಯಲಿತ್ತು. ಅದನ್ನು ನಡೆಸಲು ಇಬ್ಬರು ಪೈಲಟ್‌ಗಳು ಆಸೆಪಟ್ಟಿದ್ದರು. ಒಬ್ಬ ನನ್ನ ಗಂಡ ಡೆಲ್, ಇನ್ನೊಬ್ಬ ಅವನ ಹಳೆಯ ಗೆಳೆಯ ಗಸ್. ಅವಕಾಶ ಗಸ್‌ಗೆ ಸಿಕ್ಕಿತು. ನೌಕೆ ಮರಳಿ ಇಳಿಯುವಾಗ ಪುಟ್ಟ ವಿಮಾನದಲ್ಲಿ ಅದರ ಪಕ್ಕ ಹಾರುತ್ತ ಕಣ್ಣಿಡುವ ಕೆಲಸ ಡೆಲ್‌ಗೆ ಬಂತು.

"ಅವನ ಬಾಲ ಹಿಡ್ಕೊಂಡು ಹಾರೋಕೆ ಒಪ್ಕೊಂಡ್ಯಾ?" ಎಂದು ರೇಗಿದೆ.

"ಯಾರಾದ್ರೂ ಹಿಡ್ಕೋಬೇಕಲ್ಲ, ಲೊರೀನ್," ಎಂದ ಡೆಲ್. ಆಮೇಲೆ ಆ ಮಾತನ್ನೇ ಎತ್ತಲಿಲ್ಲ. ಗಸ್ ಮನೆಗೆ ಬಂದಾಗ ನಾನು ಕಾಫಿ ಕೊಡುತ್ತಿದ್ದೆ, ಮುಖ ಕೊಡುತ್ತಿರಲಿಲ್ಲ.

2004ರ ಬೇಸಿಗೆಯ ಆ ಬೆಳಿಗ್ಗೆ ರನ್‌ವೇ ಬೇಲಿಯುದ್ದಕ್ಕೂ ಜನವೋ ಜನ. ದೊಡ್ಡ ವಿಮಾನವೊಂದು ನೌಕೆಯನ್ನು ಹೊಟ್ಟೆಗೆ ಕಟ್ಟಿಕೊಂಡು ಏರಿತು. ಬಹಳ ಹೊತ್ತಿನ ಮೇಲೆ ನೌಕೆ ಅದರಿಂದ ಕಳಚಿಕೊಂಡಿತು. ನೀಲಿಯಲ್ಲಿ ಬಿಳಿ ಗೆರೆಯೊಂದು ನೆಟ್ಟಗೆ ಎದ್ದಿತು. ಗುರುತು ಪರಿಚಯವಿಲ್ಲದವರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ನಾನು ಪೈಲಟ್‌ಗಳ ಮಾತು ಹಿಡಿಯುತ್ತಿದ್ದ ಪಕ್ಕದವರ ರೇಡಿಯೊಗೆ ಕಿವಿಯಾನಿಸಿ ನಿಂತಿದ್ದೆ.

ನೌಕೆ ಕೆಳಗಿಳಿಯುತ್ತಿದ್ದಾಗ ಗಸ್‌ನ ದನಿ ಬಂತು. "ಡೆಲ್, ಕಿಟಕಿಗೆಲ್ಲ ಮಂಜು ಕಟ್ಟಿದೆ. ಏನೂ ಕಾಣ್ತಿಲ್ಲ. ಎಲ್ಲಿದ್ದೀಯೋ?"

ನೌಕೆಯ ಇಂಧನ ಮುಗಿದಿತ್ತು. ತೇಲುತ್ತಲೇ ಇಳಿಯಬೇಕು, ತಪ್ಪಿದರೆ ಇನ್ನೊಂದು ಸುತ್ತಿಲ್ಲ.

"ನಿನ್ನ ಬಲಗಡೇನೇ ಇದ್ದೀನಿ," ಎಂದ ಡೆಲ್, ಅಂಗಡಿಕಟ್ಟೆಯಲ್ಲಿ ಹರಟುವವನ ಹಾಗೆ. "ಸ್ವಲ್ಪ ಎಡಕ್ಕೆ ಬಾ. ಸಾಕು. ಚಕ್ರ ಬಿಡು. ಹಾಂ, ಎಲ್ಲಾ ಬಂದ್ವು."

"ನೆಲ?"

"ಇಪ್ಪತ್ತಡಿ. ಹಾಗೇ ಹಿಡ್ಕೋ. ಹತ್ತು. ಐದು... ಇಳಿದ್ಬಿಟ್ಯಲ್ಲೋ ಮುದಿಯಾ, ಇಳಿದ್ಬಿಟ್ಟೆ!"

ಆ ಕೊನೆಯ ಮಾತಿಗೆ ಡೆಲ್‌ನ ದನಿ ಒಡೆಯಿತು.

ಕ್ಯಾಮೆರಾದವರು ನೌಕೆಯನ್ನು ಮುತ್ತಿದರು. ಗಸ್ ಅವರನ್ನೆಲ್ಲ ಸರಿಸಿಕೊಂಡು, ಆಗಷ್ಟೇ ಇಳಿದಿದ್ದ ಡೆಲ್‌ನ ವಿಮಾನದತ್ತ ನಡೆದ. ಅವನನ್ನು ತಬ್ಬಿಕೊಂಡು ಎಷ್ಟೋ ಹೊತ್ತು ಬಿಡಲೇ ಇಲ್ಲ.

ಸಂಜೆ ನಮ್ಮ ಅಡುಗೆಮನೆಯಲ್ಲಿ ಇಬ್ಬರಿಗೂ ದನದ ಮಾಂಸ, ಕೆಂಪು ಕಾಳು ಹಾಕಿದ ಖಾರದ ಸಾರು ಬಡಿಸಿದೆ. ಗಸ್ ಚಮಚ ಎತ್ತಲಿಲ್ಲ.

"ಲೊರೀನ್, ನಿಂಗೆ ನನ್ನ ಮೇಲೆ ಸಿಟ್ಟಿದೆ, ಗೊತ್ತು. ಆದ್ರೆ ಇವತ್ತು ನಾನಿಲ್ಲಿ ಕೂತಿದ್ದೀನಿ ಅಂದ್ರೆ, ಅದು ನಿನ್ನ ಗಂಡನಿಂದ."

"ತಿನ್ನು, ಆರಿಹೋಗತ್ತೆ," ಎಂದು ಚಮಚವನ್ನು ಅವನತ್ತ ಸರಿಸಿದೆ.

"ಅದೆಲ್ಲ ಬಿಡೋ," ಎಂದ ಡೆಲ್ ಕುರ್ಚಿ ಎಳೆದುಕೊಂಡು. "ಮೇಲೆ ಹೇಗಿತ್ತು ಹೇಳು. ಒಂದೂ ಬಿಡಬೇಡ."

ಗಸ್ ಹೇಳಿದ: ಹಾಡಹಗಲಲ್ಲೇ ಆಕಾಶ ಕಪ್ಪಾದದ್ದು, ಭೂಮಿಯಂಚಿಗೆ ತೆಳ್ಳನೆ ನೀಲಿ, ಯಾರೋ ಮರೆತ ತಿರುಪೊಂದು ಮೂಗಿನ ಮುಂದೆ ಮೆಲ್ಲಗೆ ತೇಲಿಹೋದದ್ದು. ಡೆಲ್ ಊಟ ಮರೆತು, "ಆಮೇಲೆ? ಆಮೇಲೆ?" ಎನ್ನುತ್ತಿದ್ದ. ಅವನ ಮುಖದಲ್ಲಿ ಹೊಟ್ಟೆಕಿಚ್ಚಿನ ಎಳೆಯೊಂದನ್ನು ಹುಡುಕಿದೆ. ಸಿಗಲಿಲ್ಲ. ಇಂಥವನ ಜೊತೆ ಬಾಳಲು ಸಿಕ್ಕಿತಲ್ಲ ಎನಿಸಿತು.

ಆರಿಹೋಗಿದ್ದ ಗಸ್‌ನ ಬಟ್ಟಲಿಗೆ ಒಂದು ಸೌಟು ಬಿಸಿ ಸಾರು ಹಾಕಿ, ಎದುರಿಗೇ ಕೂತೆ.

"ಆ ನೀಲಿ ಹೇಗಿತ್ತು ಅಂದೆ? ನಂಗೂ ಹೇಳು."