ಲಾಂಡ್ರಿ ಬೋರ್ಡಿನ ಗಿಣಿ

ಲೋಗೊ ಮಾಡುವಾಗ ನಾನು ಮೊದಲು ಕಪ್ಪು-ಬಿಳುಪಿನಲ್ಲೇ ಬರೆಯುವುದು. ಅದರಲ್ಲಿ ಗೆದ್ದರೆ ಮಾತ್ರ ಬಣ್ಣ. ದೊಡ್ಡ ದೊಡ್ಡ ಕಂಪನಿಯವರೂ ಬಾಯಿ ಮುಚ್ಚಿಕೊಂಡು ಒಪ್ಪಿದ್ದಾರೆ. ಒಪ್ಪದವಳು ಒಬ್ಬಳೇ, ನನ್ನ ಚಿಕ್ಕಮ್ಮ.

"ಏನೇ ಇದು, ನಿನ್ನ ಲ್ಯಾಪ್‌ಟಾಪಲ್ಲಿ ಬಣ್ಣ ಖಾಲಿಯಾಯ್ತಾ?" ಎಂದಳು. "ಗಿಣಿ ಅಂದ್ರೆ ಹಸಿರು. ಹಿಂದೆ ಕೆಂಪು ಹಾಕು. ಬೀದಿ ಆ ತುದಿಗೆ ಕಾಣ್ಬೇಕು."

ನಾನು ಕೂತಿದ್ದದ್ದು ಅವಳ ಲಾಂಡ್ರಿಯ ಇಸ್ತ್ರಿ ಮೇಜಿನ ಮುಂದೆ. ಲಾಂಡ್ರಿಗೆ ಗಿಣಿ ಏಕೆ ಅಂತೀರಾ? ಮದುವೆಯಾದ ಹೊಸದರಲ್ಲಿ ಚಿಕ್ಕಪ್ಪ ಅವಳನ್ನು ಹಾಗೆ ಕರೆಯುತ್ತಿದ್ದರಂತೆ. ಈಗ ಬರೀ 'ಏನೇ', 'ಎಲ್ಲಿದ್ದೀಯೇ'. ಹೊಸ ಬೋರ್ಡ್ ನೋಡಿಯಾದರೂ ಒಂದು ಸಲ ಆ ಹೆಸರು ಅವರ ಬಾಯಿಗೆ ಬರಲಿ ಎಂದು ಅವಳ ಆಸೆ. ಅದನ್ನು ನನ್ನ ಕಿವಿಯಲ್ಲಿ ಹೇಳಿ, ಯಾರಿಗೂ ಹೇಳಬೇಡ ಎಂದು ತೋಳು ಚಿವುಟಿದಳು. ಇನ್ನೇನು ಮಾಡಲಿ? ಹಲ್ಲು ಕಚ್ಚಿಕೊಂಡು ಅವಳು ಬೆರಳಿಟ್ಟು ತೋರಿಸಿದ ಹಸಿರನ್ನೂ ಕೆಂಪನ್ನೂ ತುಂಬಿದೆ.

ಚಿಕ್ಕಪ್ಪ ಹಿಂದಿನ ಮೂಲೆಯಲ್ಲಿ ಒಗೆದ ಕಾಲುಚೀಲಗಳನ್ನು ಜೋಡಿ ಮಾಡುತ್ತಿದ್ದರು. ಹಸಿರಿಗೆ ಕೆಂಪನ್ನು ಗಂಟುಹಾಕುವುದರಲ್ಲಿ ಅವರದು ಎತ್ತಿದ ಕೈ. ಗಿರಾಕಿ ವಾಪಸ್ ತಂದರೆ "ಈಗ ಇದೇ ಫ್ಯಾಷನ್ನು" ಎನ್ನುತ್ತಾರೆ. "ಕಣ್ಣು ಎಲ್ಲಿಟ್ಟಿರ್ತೀರಿ?" ಎಂದು ಚಿಕ್ಕಮ್ಮ ದಿನಾ ರೇಗುತ್ತಾಳೆ.

ಅವರನ್ನು ಎಳೆದು ತಂದು ಲ್ಯಾಪ್‌ಟಾಪಿನ ಪರದೆಯ ಮುಂದೆ ನಿಲ್ಲಿಸಿದಳು. "ಹೇಗಿದೆ ರೀ?"

"ಚೆನ್ನಾಗಿದೆ."

"ಹೊಸ ಪೊರಕೆ ತಂದ್ರೂ ಅದನ್ನೇ ಹೇಳ್ತೀರಿ. ಸರಿಯಾಗಿ ನೋಡಿ. ಹಕ್ಕಿ ಹೇಗಿದೆ?"

ಮೂಗು ಪರದೆಗೆ ತಾಗುವಷ್ಟು ಬಗ್ಗಿದರು. "ಯಾವ ಹಕ್ಕಿ?"

ಚಿಕ್ಕಮ್ಮನ ಮುಖ ಸಪ್ಪಗಾಯಿತು. ಬೈಯಲೂ ಇಲ್ಲ.

"ಬಿಡೇ, ಇವರಿಗೆ ನೆನಪೇ ಇಲ್ಲ" ಎಂದು ಬಾಗಿಲ ಕಡೆ ತಿರುಗಿದಳು.

"ನಿಲ್ಲು ಚಿಕ್ಕಮ್ಮ" ಎಂದು ಚಿತ್ರದ ಬಣ್ಣ ತೆಗೆದೆ. ಪರದೆಯ ತುಂಬ ಒಂದೇ ಬೂದು! ಹಸಿರು, ಕೆಂಪು ಎರಡರ ಗಾಢತೆಯೂ ಒಂದೇ ಆಗಿ, ಗಿಣಿ ಹೇಳಹೆಸರಿಲ್ಲದಂತೆ ಮಾಯವಾಗಿತ್ತು. ನನ್ನ ನಿಯಮ ಮುರಿದದ್ದಕ್ಕೆ ತಕ್ಕ ಶಾಸ್ತಿ. ಆದರೆ ಬಣ್ಣ ಇದ್ದಾಗಲೂ ಚಿಕ್ಕಪ್ಪನಿಗೆ ಅದು ಕಾಣಲಿಲ್ಲವಲ್ಲ?

ಹೋಗಿ ಅವರ ಮೂಲೆಯಿಂದ ಒಂದು ಜೋಡಿ ಕಾಲುಚೀಲ ತಂದೆ. ಒಂದು ಹಸಿರು, ಒಂದು ಕೆಂಪು.

"ಇವೆರಡೂ ಒಂದೇ ಬಣ್ಣನಾ ಚಿಕ್ಕಪ್ಪ?"

"ಮತ್ತೆ? ನಾನೇ ಜೋಡಿ ಮಾಡಿದ್ದು" ಎಂದರು, ಹೆಮ್ಮೆಯಿಂದ.

ಚಿಕ್ಕಮ್ಮ ಬಾಯಿಯ ಮೇಲೆ ಕೈಯಿಟ್ಟಳು. "ಅಯ್ಯೋ! ಮತ್ತೆ ಫ್ಯಾಷನ್ನು ಅಂತಿದ್ರಿ?"

"ನೀನು ಬೈತಿದ್ದೆ. ಏನಾದ್ರೂ ಹೇಳ್ಬೇಕಲ್ಲ?"

ನಾನು ಸದ್ದಿಲ್ಲದೆ ನನ್ನ ಮೊದಲ ಗಿಣಿಯನ್ನು ತೆರೆದೆ. ಅಚ್ಚ ಕಪ್ಪಿನ ಮೇಲೆ ಅಚ್ಚ ಬಿಳಿ. ಚಿಕ್ಕಪ್ಪನ ಮುಖ ಅರಳಿತು.

"ಓಹೋ, ಗಿಣಿ!" ಎಂದವರು ಹೆಂಡತಿಯ ಕಡೆ ನೋಡಿದರು. "ಕೊಕ್ಕು ಮುಚ್ಚೇ ಇಲ್ಲ ನೋಡು. ನೀನೇ ಕಣೇ ಗಿಣಿ, ಅನುಮಾನವೇ ಬೇಡ."

ಚಿಕ್ಕಮ್ಮ ಅವರ ಬೆನ್ನಿಗೊಂದು ಗುದ್ದು ಹಾಕಿ, ಅದೇ ಕೈಯಲ್ಲಿ ಕಣ್ಣು ಒರೆಸಿಕೊಂಡಳು.

"ಹಿಂದೆ ನೀಲಿ ಹಾಕಲಾ? ನೀಲಿ ಮೇಲೆ ಬಿಳಿ ಗಿಣಿ ಚಿಕ್ಕಪ್ಪನಿಗೂ ಕಾಣುತ್ತೆ" ಎಂದೆ.

"ಅದನ್ನ ಮುಟ್ಟಿದ್ರೆ ನೋಡು!" ಎಂದಳು ಚಿಕ್ಕಮ್ಮ. "ಇವರಿಗೆ ಈಗ ಕಂಡಿದೆ. ಹಾಗೇ ಇರಲಿ."