ಏಳನೆಯ ಪುಸ್ತಕ

ಆಳಂದದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವತ್ತು ಮಲ್ಕಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಒಂದಕ್ಷರ ಓದದ ಹೆಣ್ಣುಮಗಳ ಮೇಲೆ ಪುಸ್ತಕ ಬರುತ್ತದೆ ಅಂದರೆ ಸುಮ್ಮನೆ ಮಾತೇ? ಉದ್ಯಮ ಕಟ್ಟಿದವರ ಜೀವನವನ್ನು ಮಕ್ಕಳಿಗಾಗಿ ಬರೆಯುತ್ತಿದ್ದ ದತ್ತಪ್ಪ ಮಾಸ್ತರರು ಹೋದ ತಿಂಗಳು ಬಂದು ಎಲ್ಲ ಕೇಳಿ ಬರೆದುಕೊಂಡಿದ್ದರು. ಆ ಮಾಲೆಯಲ್ಲಿ ಇದು ಏಳನೆಯದು. ಹಿಂದಿನ ಆರರ ಮುಖಪುಟದಲ್ಲೂ ಮೀಸೆಯವರೇ.

ಒಂಬತ್ತು ವರ್ಷದ ಹಿಂದೆ, ಎಪ್ಪತ್ತೆಂಟರಲ್ಲಿ, ಎರಡು ಸೇರು ಜೋಳದ ಹಿಟ್ಟಿನಿಂದ ಕಡಕ್ ರೊಟ್ಟಿ ಬಡಿದು ಬಸ್ ಡ್ರೈವರುಗಳಿಗೆ ಮಾರಲು ಶುರುವಿಟ್ಟವಳು ಮಲ್ಕಮ್ಮ. ಈಗ ಅವಳ ಅಂಗಳದಲ್ಲಿ ಆರು ಒಲೆ, ಆರು ಮಂದಿ ಹೆಂಗಸರು. ರೊಟ್ಟಿ ಸೊಲ್ಲಾಪುರದ ತನಕ ಹೋಗುತ್ತದೆ.

ಮಧ್ಯಾಹ್ನ ಮಾಸ್ತರರು ಅಚ್ಚಿಗೆ ಕಳಿಸುವ ಹಾಳೆ ಹಿಡಿದು ಬಂದರು. ನಾಲ್ಕರ ಬಸ್ಸಿಗೆ ಅದು ಗುಲಬರ್ಗಾಕ್ಕೆ ಹೋಗಬೇಕಿತ್ತು. ಮಲ್ಕಮ್ಮನ ಮಗಳು ಶಿವಕಾಂತಾ ಗಟ್ಟಿಯಾಗಿ ಓದಿದಳು: "ರೊಟ್ಟಿ ಉದ್ಯಮದ ಸ್ಥಾಪಕರಾದ ಶ್ರೀ ಅಂಬಾರಾಯರು..."

ಅಂಗಳದಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅಂಬಾರಾಯ ಅಂದರೆ ಮಲ್ಕಮ್ಮನ ಗಂಡ, ಗಿರಣಿಯಿಂದ ಹಿಟ್ಟಿನ ಚೀಲ ಹೊತ್ತು ತರುವ ಪುಣ್ಯಾತ್ಮ.

"ಇದೇನ್ರಿ ಮಾಸ್ತರ?" ಅಂಬಾರಾಯನೇ ಕೇಳಿದ. "ನಾ ಯಾವಾಗ ರೊಟ್ಟಿ ಬಡದೀನ್ರಿ?"

"ಅವ್ವಾರ ಹೇಳ್ಯಾರ್ರಿ. ಏನ್ ಕೇಳಿದ್ರೂ 'ಎಲ್ಲಾ ನಮ್ಮ ಮನಿಯವರ ಮಾಡ್ಯಾರ' ಅಂದ್ರು," ಅಂದರು ಮಾಸ್ತರರು.

ಅಂದದ್ದು ನಿಜ. ಹೊರಗಿನವರು ಎದುರಿಗೆ ಕುಳಿತು ಕೇಳಿದರೆ ಈ ಕಡೆಯ ಯಾವ ಹೆಂಗಸು ತಾನೇ 'ನಾನು ಮಾಡಿದೆ' ಅನ್ನುತ್ತಾಳೆ? ಮರ್ಯಾದೆಗೆ ಆಡಿದ ಮಾತು ಅಚ್ಚಿನ ಬಾಗಿಲ ತನಕ ಬಂದಿತ್ತು. ಮಲ್ಕಮ್ಮನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ನಾಳೆ ಸಾಲಿಯ ಹೆಣ್ಣುಮಕ್ಕಳೆಲ್ಲ ಈ ಸುಳ್ಳನ್ನೇ ಓದುತ್ತಾರೆ, ತನ್ನ ಮಗಳೂ ಓದುತ್ತಾಳೆ.

ಮಾಸ್ತರರು ಪೆನ್ನು ತೆಗೆದರು. "ಈಗರೆ ಹೇಳ್ರವ್ವ. ಇದನ್ನ ಚಾಲೂ ಮಾಡ್ದವ್ರು ಯಾರು?"

ರೂಢಿಯಂತೆ ಅವಳ ಕಣ್ಣು ಗಂಡನತ್ತ ಹೋಯಿತು. ಅಂಬಾರಾಯ ಟವೆಲ್ಲು ಕೊಡವುತ್ತ ಬೇಕಂತಲೇ ಬೇರೆ ಕಡೆ ನೋಡಿದ. ಆರು ಹೆಂಗಸರೂ ಹಿಟ್ಟಿನ ಕೈ ಹಾಗೇ ಹಿಡಿದು ಕಾದರು. ಅವರಲ್ಲಿ ಪೀರಬಿಗಂತೂ ಹಂಚಿನ ಮೇಲಿನ ರೊಟ್ಟಿ ಸೀದದ್ದೂ ಗೊತ್ತಾಗಲಿಲ್ಲ.

"ನಾ ಮಾಡೀನ್ರಿ," ಅಂದಳು ಮಲ್ಕಮ್ಮ. ಮೊದಲ ಸಲ ಮೆಲ್ಲಗೆ. ಎರಡನೆಯ ಸಲ ಅಂದಾಗ ದನಿ ಓಣಿಗೆಲ್ಲ ಕೇಳಿಸಿತು. "ನಾನ ಚಾಲೂ ಮಾಡೀನಿ. ಹಿಟ್ಟು ಹೊತ್ತವ್ರು ಅವ್ರು, ಅದನ್ನೂ ಬರೀರಿ."

ಅವಳಿಗೆ ಏನು ಖುಷಿ ಅಂತೀರಿ. ಅಂಬಾರಾಯ ಟವೆಲ್ಲಿನ ಮರೆಯಲ್ಲಿ ನಗುತ್ತಿದ್ದ.

ಮಾಸ್ತರರು ಆ ಸಾಲು ಹೊಡೆದುಹಾಕಿ ಹೊಸದಾಗಿ ಬರೆದರು. ಶಿವಕಾಂತಾ ಓದಿದಳು: "ರೊಟ್ಟಿ ಉದ್ಯಮದ ಸ್ಥಾಪಕರಾದ ಶ್ರೀಮತಿ ಮಲ್ಕಮ್ಮನವರು..." ಅಷ್ಟರಲ್ಲಿ ನಾಲ್ಕರ ಬಸ್ಸಿನ ಹಾರ್ನ್ ಕೇಳಿಸಿತು. ಮಾಸ್ತರರು ಅವಸರದಿಂದ ಹಾಳೆಗೆ ಕೈ ಚಾಚಿದರು.

ಮಲ್ಕಮ್ಮ ಹಾಳೆಯನ್ನು ಮಗಳ ಕೈಯಲ್ಲೇ ಒತ್ತಿ ಹಿಡಿದಳು.

"ತಡೀರಿ. ನನ್ನ ರೊಟ್ಟಿ ತಗೊಳ್ಳದೆ ಆ ಡ್ರೈವರ್ ಬಸ್ ಬಿಡಂಗಿಲ್ಲ. ಶಿವಕಾಂತಾ, ಇನ್ನೊಮ್ಮಿ ಓದವ್ವ."