ಅನಾನಸ್ ಕೇಕಿನ ಎಡೆ

ಒಲೆಯ ಮುಂದೆ ನಿಂತರೆ ತನುಜಾಗೆ ಅಳುಕು ಎನ್ನುವುದೇ ಇರಲಿಲ್ಲ. ಶಿವಮೊಗ್ಗದ ವಿನೋಬನಗರದ ತನ್ನ ಮನೆಯಲ್ಲಿ ಆರು ವರ್ಷಗಳಿಂದ ಕೇಕ್ ಮಾಡುತ್ತಿದ್ದಳು. ಒಂದೂ ಕೆಟ್ಟಿರಲಿಲ್ಲ, ಕೆಟ್ಟಿದ್ದರೂ ಅವಳು ಒಪ್ಪಿಕೊಂಡಿರಲಿಲ್ಲ. ಉಬ್ಬದಿದ್ದರೆ ಮೈದಾ ಸರಿಯಿಲ್ಲ, ಸೀದರೆ ಕರೆಂಟು ಸರಿಯಿಲ್ಲ. ಭದ್ರಾವತಿಯ ಜನ್ನಾಪುರದಲ್ಲಿ ಮಾವ ಮುರುಗೇಶಪ್ಪನವರ ಮೊದಲ ವರ್ಷದ ಪೂಜೆ ಬಂದಾಗ, "ಎಡೆಗೆ ಅನಾನಸ್ ಕೇಕ್ ನಾನೇ ಮಾಡ್ತೀನಿ" ಎಂದಳು. ಅದು ಕೇಳಿಕೆಯಲ್ಲ, ತೀರ್ಮಾನ.

ಕಾರಣವೂ ಇತ್ತು. ಮುರುಗೇಶಪ್ಪನವರಿಗೆ ಪೈನಾಪಲ್ ಪೇಸ್ಟ್ರಿ ಎಂದರೆ ಪ್ರಾಣ. ಹಾಸಿಗೆ ಹಿಡಿದಿದ್ದಾಗಲೂ ಸೊಸೆಯನ್ನು ಕರೆದು, "ಬೇಕರೀದು ಬೇಡಮ್ಮ, ಬರೀ ಬಣ್ಣ. ನೀನೇ ಹಣ್ಣು ಹಾಕಿ ಮಾಡಿಕೊಡು" ಎಂದಿದ್ದರು. "ಹಣ್ಣಿನ ಕಾಲ ಬರಲಿ ಮಾವ, ಮಾಡ್ತೀನಿ" ಎಂದು ಇವಳು ಮಾತು ಕೊಟ್ಟಿದ್ದಳು. ಪೇಟೆಗೆ ಮೊದಲ ಹಣ್ಣು ಬಂದ ವಾರವೇ ಅವರು ಹೋಗಿಬಿಟ್ಟರು. ಆ ಮಾತು ಒಂದು ವರ್ಷದಿಂದ ಅವಳನ್ನು ಕೊರೆಯುತ್ತಿತ್ತು.

ಅತ್ತೆ ವೀರಮ್ಮ ತಕ್ಷಣ ಹೂಂ ಎನ್ನಲಿಲ್ಲ. ಎಡೆಗೆ ಹೋಳಿಗೆ ಸರಿ, ಪಾಯಸ ಸರಿ; ಕೇಕು? ಹೊಳಲೂರಿನಲ್ಲಿದ್ದ ಅವರ ನಾದಿನಿ, ಮುರುಗೇಶಪ್ಪನವರ ತಂಗಿ ಭವಾನಿ ಫೋನಿನಲ್ಲೇ ಮೂಗು ಮುರಿದಿದ್ದರು. ಕೊನೆಗೆ ಗಂಡನ ಆಸೆ ನೆನೆದು ವೀರಮ್ಮ ಒಪ್ಪಿದರು. ಆದರೆ ನಿಯಮ ನಿಯಮವೇ. ಮೊಟ್ಟೆ ಕೂಡದು. ಎಡೆ ಇಡುವ ತನಕ ಅಡುಗೆ ಮಾಡುವವರು ಏನನ್ನೂ ಬಾಯಿಗೆ ಹಾಕಬಾರದು, ಉಪ್ಪು ಹುಳಿ ಕೂಡ ನೋಡಬಾರದು. ಬಾಯಿಗೆ ಇಟ್ಟವರು ಮತ್ತೆ ಎಡೆಯ ಅಡುಗೆ ಮುಟ್ಟುವಂತಿಲ್ಲ. ವೀರಮ್ಮ ನಲವತ್ತೈದು ವರ್ಷ ಹಬ್ಬದಡುಗೆಯನ್ನೆಲ್ಲ ಹೀಗೆ ಕಣ್ಣಳತೆಯಲ್ಲೇ ಮಾಡಿ ಗೆದ್ದವರು.

ಪೂಜೆಯ ದಿನ ಬೆಳಿಗ್ಗೆ ಒಂಬತ್ತಕ್ಕೆಲ್ಲ ತನುಜಾ ಹಸಿ ಅನಾನಸ್ ರುಬ್ಬಿ, ಮೊಸರು, ಡಬ್ಬಿಯ ಗಟ್ಟಿ ಹಾಲು, ಮೈದಾ ಎಲ್ಲ ಕಲಸಿ, ಕಾರಿನಲ್ಲಿ ಹೊತ್ತು ತಂದಿದ್ದ ಓವನ್ನಿನ ಸ್ವಿಚ್ಚು ಒತ್ತಿದಳು. ಅದೇ ಗಳಿಗೆಗೆ ಕರೆಂಟು ಹೋಯಿತು. "ಬರುತ್ತೆ ಬಿಡಿ ಅತ್ತೆ" ಎಂದಳು. ಹತ್ತೂವರೆಯಾದರೂ ಬರಲಿಲ್ಲ. ಹೋಳಿಗೆ ಬೇಯಿಸುತ್ತಿದ್ದ ವೀರಮ್ಮ ತಿರುಗಿ ಹಿಟ್ಟಿನ ಪಾತ್ರೆಗೆ ಬಗ್ಗಿ ನೋಡಿದರು.

"ಹಣ್ಣು ಬೇಯಿಸಿ ಹಾಕಿದೀಯ ತಾನೆ?"

"ಇಲ್ಲ, ಹಸಿದೇ. ವಿಡಿಯೋದಲ್ಲಿ ಹಾಗೇ ಹಾಕಿದ್ರು."

"ಅವರದ್ದು ಡಬ್ಬಿ ಹಣ್ಣಿರಬೇಕು ಮಾರಾಯ್ತಿ, ಅದು ಬೆಂದೇ ಬಂದಿರುತ್ತೆ. ಹಸಿ ಅನಾನಸ್ ಹಾಲು ಮೊಸರಿನ ಜೊತೆ ಹೊತ್ತು ಕೂತ್ರೆ ಕಹಿಯಾಗುತ್ತೆ. ಒಂದ್ಸಲ ಮೊಸರು ಬಜ್ಜಿ ಮಾಡಿ ನೆಂಟರ ಮುಂದೆ ಮರ್ಯಾದೆ ಕಳ್ಕೊಂಡಿದೀನಿ ನಾನು."

ತನುಜಾ ಹಿಟ್ಟಿನ ಪಾತ್ರೆಯನ್ನು ತನ್ನತ್ತ ಎಳೆದುಕೊಂಡಳು. ಸೋಲೊಪ್ಪಲಿಲ್ಲ. "ನಂದು ಹಾಗಾಗಲ್ಲ ಅತ್ತೆ."

"ಆಗಿದ್ರೆ?"

ಪೂಜೆ ಮಾಡಿಸುವ ಅಯ್ಯನವರು ಬರುವುದು ಹನ್ನೆರಡೂವರೆಗೆ. ಉಳಿದಿದ್ದು ಅರ್ಧ ಹಣ್ಣು, ಒಂದು ಡಬ್ಬಿ ಹಾಲು, ಎರಡು ಗಂಟೆ. ಮತ್ತೆ ಮಾಡಬೇಕೋ ಬೇಡವೋ ಈಗಲೇ ಗೊತ್ತಾಗಬೇಕು. ಗಂಡ ಶಿವರಾಜ್ ಹೂವು ತರಲು ಹೋಗಿದ್ದ, ಪೂಜೆಗೆ ಕೂರುವವನಾದ್ದರಿಂದ ಅವನೂ ಉಪವಾಸ. ಪಕ್ಕದ ಮನೆಯವರಿಗೆ ರುಚಿ ತೋರಿಸಿದರೆ ಸಂಜೆಯೊಳಗೆ ಜನ್ನಾಪುರಕ್ಕೆಲ್ಲ ಸುದ್ದಿ. ತನುಜಾ ಹಿಟ್ಟಿಗೆ ಬೆರಳು ಅದ್ದಿದಳು. ವೀರಮ್ಮ ಗಬಕ್ಕನೆ ಅವಳ ಮುಂಗೈ ಹಿಡಿದರು.

"ನೀನು ಬಾಯಿಗಿಟ್ರೆ ಕೇಕ್ ಮಾಡೋರ್ಯಾರು? ನಂಗೆ ಬರುತ್ತಾ?"

ಹಾಗೆಂದವರೇ ತಮ್ಮ ಬೆರಳನ್ನು ಹಿಟ್ಟಿಗೆ ಅದ್ದಿ ನಾಲಿಗೆಗೆ ಇಟ್ಟುಕೊಂಡರು. ಮುಖ ಕಿವುಚಿತು.

"ಹಾಗಲಕಾಯಿ" ಎಂದರು.

ಬಚ್ಚಲಿಗೆ ಹೋಗಿ ಬಾಯಿ ತೊಳೆದು ಬಂದವರು ಅಡುಗೆಮನೆಯ ಹೊಸ್ತಿಲಾಚೆಯೇ ಕೂತುಬಿಟ್ಟರು. "ಇನ್ನು ನಾನು ಒಳಗೆ ಬರಲ್ಲ. ಹೋಳಿಗೆ ಇನ್ನೂ ಆರು ಬೇಯಿಸೋದಿದೆ. ಕೇಕೂ ನಿಂದೇ, ಎಡೆ ಇಡೋದೂ ನೀನೇ. ಅಳೋಕೆ ಹೊತ್ತಿಲ್ಲ, ಏಳು."

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಒಬ್ಬಳು, ಉಂಡವರು ಇನ್ನೊಬ್ಬರು. ಗಂಡನ ಮೊದಲ ವರ್ಷದ ಎಡೆಯನ್ನು ಕೈಯಾರೆ ಇಡುವ ಹಕ್ಕನ್ನು ಅತ್ತೆ ಒಂದು ಬೆರಳು ಹಿಟ್ಟಿಗಾಗಿ ಬಿಟ್ಟುಕೊಟ್ಟಿದ್ದರು. ತನುಜಾಗೆ ನಾಚಿಕೆಯಾಯಿತು. ಉಳಿದ ಹಣ್ಣನ್ನು ಸಕ್ಕರೆಯೊಂದಿಗೆ ಕುದಿಸಿ, ಅಗಲವಾದ ತಟ್ಟೆಗೆ ಸುರಿದು, ತಟ್ಟೆಯನ್ನು ತಣ್ಣೀರಿನ ಮೇಲಿಟ್ಟು ಆರಿಸಿದಳು. ಕರೆಂಟಿನ ಹಂಗೇ ಬೇಡವೆಂದು ದೊಡ್ಡ ಕುಕ್ಕರಿನ ಗ್ಯಾಸ್ಕೆಟ್ಟು, ಸೀಟಿ ತೆಗೆದಿಟ್ಟು, ತಳಕ್ಕೆ ಉಪ್ಪು ಹರಡಿ ಕಾಯಿಸಿದಳು. ಆರಿದ ಹಣ್ಣು, ಉಳಿದ ಡಬ್ಬಿ ಹಾಲು, ಮೊಸರು, ಮೈದಾ ಹೊಸದಾಗಿ ಕಲಸಿದ ಹಿಟ್ಟಿನ ಪಾತ್ರೆ ಒಳಗೆ ಇಳಿಯಿತು. ಪಕ್ಕದ ಒಲೆಯಲ್ಲಿ ಹೋಳಿಗೆ. ಹೊಸ್ತಿಲಾಚೆಯಿಂದ "ಉರಿ ಸಣ್ಣ ಮಾಡು", "ಮುಚ್ಚಳ ತೆಗೀಬೇಡ" ಎಂದು ಅಪ್ಪಣೆಗಳು ಬರುತ್ತಲೇ ಇದ್ದವು. ಹನ್ನೆರಡು ಹೊಡೆದು ಹತ್ತು ನಿಮಿಷಕ್ಕೆ ಕೇಕು ಹೊನ್ನಿನ ಬಣ್ಣಕ್ಕೆ ತಿರುಗಿ ಉಬ್ಬಿ ನಿಂತಿತು.

ಅಯ್ಯನವರು ಬಂದರು. ಭವಾನಿಯೂ ಬಂದರು. ಪೂಜೆ ಶುರುವಾಗಿ "ಎಡೆ ಬರಲಿ" ಎಂದಾಗ ಬಾಳೆಲೆ ಹಿಡಿದು ಬಂದವಳು ಸೊಸೆ. ಭವಾನಿಯ ಹುಬ್ಬು ಮೇಲೇರಿತು.

"ಅತ್ತಿಗೆ, ಇದೇನು, ಅಣ್ಣನ ಎಡೆ ನೀವು ಇಡಲ್ವಾ?"

"ಹಸಿವು ತಡೀಲಿಲ್ಲ ಕಣೆ ಭವಾನಿ. ಬೆಳಿಗ್ಗೆನೇ ಬಾಯಿಗೆ ಹಾಕ್ಕೊಂಡ್ಬಿಟ್ಟೆ" ಎಂದರು ವೀರಮ್ಮ ಬಾಗಿಲ ಪಕ್ಕದಿಂದ.

ಪಡಸಾಲೆಯಲ್ಲಿ ಕೂತಿದ್ದ ನೆಂಟರಲ್ಲಿ ಗುಸುಗುಸು ಎದ್ದಿತು. ಗಂಡನ ಎಡೆಗೆ ಮುಂಚೆ ಹೆಂಡತಿ ತಿಂದಳಂತೆ! ವೀರಮ್ಮ ತಲೆ ತಗ್ಗಿಸಿ ಕೂತಿದ್ದರು. ತನುಜಾ ಸುಮ್ಮನಿದ್ದರೆ ಅವಳ ಹೆಸರು ಉಳಿಯುತ್ತಿತ್ತು. ಅವಳು ಎಲೆ ಹಿಡಿದೇ ನಿಂತಳು.

"ಅತ್ತೆ ಸುಳ್ಳು ಹೇಳ್ತಿದಾರೆ ಭವಾನತ್ತೆ. ಮೊದಲನೇ ಹಿಟ್ಟು ನಾನು ಕೆಡಿಸಿದೆ. ಹಸಿ ಹಣ್ಣು ಹಾಕಿ ಕಹಿ ಮಾಡಿದೆ. ಅದು ಎಡೆಗೆ ಬರಬಾರದು ಅಂತ ರುಚಿ ನೋಡಿ ಇವರು ಹೊರಗೆ ಕೂತ್ರು. ತಪ್ಪು ನಂದು."

ಆರು ವರ್ಷದಲ್ಲಿ ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಶಿವರಾಜ್ ಗಂಟೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಹೆಂಡತಿಯನ್ನು ನೋಡಿದ. ತನುಜಾ ಎಡೆಯಿಟ್ಟು ಕೈಮುಗಿದಳು.

ಮಂಗಳಾರತಿಯಾಯಿತು. ಭವಾನಿ ಎದ್ದು ಎಡೆಯಿಂದ ಒಂದು ತುಂಡು ಕೇಕು ಎತ್ತಿಕೊಂಡರು. ಅದನ್ನು ತಮ್ಮ ಬಾಯಿಗೆ ಹಾಕಲಿಲ್ಲ. ನೇರವಾಗಿ ಬಾಗಿಲ ಬಳಿ ಹೋಗಿ ಕೂತು ವೀರಮ್ಮನ ಮುಂದೆ ಹಿಡಿದರು.

"ಅತ್ತಿಗೆ, ಕಹಿ ಮೊದಲು ನೀವೇ ತಿಂದಿದೀರಿ. ಸಿಹೀನೂ ಮೊದಲು ನೀವೇ ತಿನ್ನಿ."